ಕಟ್ಟಿಗೆ ಒಲೆಯ ಹಿಂದಿನ ಗೋಡೆಗೆ ಟೈಲ್ಸಾ, ಗ್ರಾನೈಟಾ, ಬಣ್ಣವಾ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ತೋಟದ ಮನೆ. ಹಳೇ ಹೆಂಚಿನ ಮನೆಯನ್ನೇ ರಿಪೇರಿ ಮಾಡಿಸುತ್ತಿದ್ದೇವೆ. ಮಳೆಗಾಲದ ಥಂಡಿಗೆ ಆಗುತ್ತೆ ಅಂತ ಗಾಜಿನ ಬಾಗಿಲಿನ ಕಬ್ಬಿಣದ ಕಟ್ಟಿಗೆ ಒಲೆ ತಂದಿದ್ದೇವೆ. ಹಾಲ್‌ನ ಮೂಲೆಯಲ್ಲಿ ಇಡಬೇಕು. ಹಿಂದಿನ ಗೋಡೆ ಇಟ್ಟಿಗೆಯದು, ಪುಟ್ಟಿ ಹಾಕಿ ಎಮಲ್ಷನ್ ಬಳಿದಿದೆ. ಪಕ್ಕದ್ದು ಪ್ಲೈವುಡ್ ಪಾರ್ಟಿಷನ್, ಮೇಲೆ ಲ್ಯಾಮಿನೇಟ್. ನಮ್ಮ ಮನೆಯವರು ಗ್ರಾನೈಟ್ ಅನ್ನುತ್ತಾರೆ. ಮೇಸ್ತ್ರಿ ಟೈಲ್ಸ್ ಅನ್ನುತ್ತಾರೆ. ಅಂಗಡಿಯವರು ಹೀಟ್‌ಪ್ರೂಫ್ ಪೇಂಟ್ ಹೊಡೆಸಿದರೆ ಸಾಕು ಅನ್ನುತ್ತಾರೆ. ಯಾವುದು ಸರಿ? ಇನ್ನೊಂದು: ಬಚ್ಚಲುಮನೆಯ ಹಂಡೆ ಒಲೆಯ ಹಿಂದೆ ಹಾಕಿಸಿದ್ದ ಟೈಲ್ಸ್ ಎರಡೇ ವರ್ಷಕ್ಕೆ ಉದುರಿತು. ನಮ್ಮತ್ತೆ ಮಣ್ಣು ಮೆತ್ತಿಸಿ ಅಂತಾರೆ. ಈ ಕಾಲದಲ್ಲಿ ಅದು ಆಗುತ್ತಾ?

ಉತ್ತರ: ಮೂವರ ಮಾತಲ್ಲೂ ಸ್ವಲ್ಪ ಸ್ವಲ್ಪ ಸರಿ ಇದೆ. ಆದರೆ ಮೂವರೂ ನೋಡುತ್ತಿರುವುದು ಇಟ್ಟಿಗೆ ಗೋಡೆಯನ್ನು. ನಿಮ್ಮ ಪ್ರಶ್ನೆ ಓದುವಾಗ ನನ್ನ ಕಣ್ಣು ನಿಂತಿದ್ದು ಪ್ಲೈವುಡ್ ಅನ್ನುವ ಪದದ ಮೇಲೆ. ಇಟ್ಟಿಗೆ ಗೋಡೆಗೆ ತಪ್ಪು ಫಿನಿಶ್ ಹಾಕಿಸಿದರೆ ಬಣ್ಣ ಏಳುತ್ತದೆ, ಟೈಲ್ಸ್ ಬೀಳುತ್ತದೆ, ಒಂದಿಷ್ಟು ದುಡ್ಡು ದಂಡ. ಪ್ಲೈವುಡ್ ವಿಷಯದಲ್ಲಿ ತಪ್ಪಿದರೆ ಮನೆಗೇ ಬೆಂಕಿ. ಅದಕ್ಕೇ ಮೊದಲು ಪಕ್ಕದ ಗೋಡೆ, ಆಮೇಲೆ ಹಿಂದಿನದು.

ಕೆಲವು ವರ್ಷದ ಹಿಂದೆ ಸಕಲೇಶಪುರದ ಕಡೆ ಒಂದು ಹೋಂಸ್ಟೇಯವರು ನನ್ನನ್ನು ಕರೆಸಿದ್ದರು. ಹಾಲ್‌ನಲ್ಲಿ ನಿಮ್ಮದೇ ಥರದ ಒಲೆ. ಅದರಿಂದ ಒಂದಡಿ ದೂರದಲ್ಲಿ ಪ್ಲೈವುಡ್ ಪಾರ್ಟಿಷನ್. ಪ್ಲೈವುಡ್ ಮೇಲೆ ಚೆಂದದ ಟೈಲ್ಸ್ ಅಂಟಿಸಿದ್ದರು. ಒಲೆ ಹಚ್ಚಿದಾಗೆಲ್ಲ ಏನೋ ಕಮಟು ವಾಸನೆ, ಚಿಮಣಿ ಸೋರುತ್ತಿದೆಯಾ ನೋಡಿ ಅಂದರು. ಚಿಮಣಿ ಸರಿಯಾಗೇ ಇತ್ತು. ಪಾರ್ಟಿಷನ್ ಹತ್ತಿರ ಹೋದರೆ ವಾಸನೆ ಜಾಸ್ತಿ. ಒಂದು ಟೈಲ್ಸನ್ನು ಉಳಿ ಹಾಕಿ ಎಬ್ಬಿಸಿದೆ. ಟೈಲ್ಸ್‌ಗೆ ಒಂದು ಗೆರೆಯೂ ಬಿದ್ದಿರಲಿಲ್ಲ, ಹೊಸದರ ಹಾಗೆ ಹೊಳೆಯುತ್ತಿತ್ತು. ಅದರ ಹಿಂದಿನ ಪ್ಲೈವುಡ್ ಮಾತ್ರ ಅಂಚಿನಲ್ಲಿ ಹುರಿದ ಕಾಫಿ ಬೀಜದ ಬಣ್ಣಕ್ಕೆ ತಿರುಗಿತ್ತು. ನಡುವೆ ಅಂಗೈ ಅಗಲ ಪೂರ್ತಿ ಕಪ್ಪು. ಉಗುರಲ್ಲಿ ಕೆರೆದರೆ ಪುಡಿ ಉದುರಿತು. ಮನೆಯ ಯಜಮಾನರು ಏನೂ ಮಾತಾಡಲಿಲ್ಲ, ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

ಅಲ್ಲಿ ಆಗಿದ್ದು ಇಷ್ಟೇ. ಮರಕ್ಕೆ ಕೂಡಲೇ ಬೆಂಕಿ ಹತ್ತಬೇಕೆಂದರೆ ಸುಮಾರು 250 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಶಾಖ ಬೇಕು. ಆದರೆ ಅದೇ ಮರ ದಿನಾ ಗಂಟೆಗಟ್ಟಲೆ 100 ಡಿಗ್ರಿ ಆಸುಪಾಸು ಕಾಯುತ್ತಿದ್ದರೆ, ತಿಂಗಳು ವರ್ಷ ಕಳೆದ ಹಾಗೆ ಒಳಗೊಳಗೇ ಇದ್ದಿಲಾಗುತ್ತ ಹೋಗುತ್ತದೆ. ಹಾಗೆ ಕರಟಿದ ಮರ ಕಡಿಮೆ ಶಾಖಕ್ಕೇ ಹೊತ್ತಿಕೊಳ್ಳಬಹುದು. ಮೊದಲ ವರ್ಷ ಏನೂ ಆಗಲಿಲ್ಲ ಅಂತ ನೆಮ್ಮದಿಯಾಗಿ ಇರುವಂತಿಲ್ಲ. ಈ ಅಪಾಯ ವರ್ಷ ಕಳೆದಷ್ಟೂ ಜಾಸ್ತಿಯಾಗುವಂಥದ್ದು.

ದೋಸೆ ಕಾವಲಿಯನ್ನು ನೆನೆಸಿಕೊಳ್ಳಿ. ಕಾವಲಿ ಸುಡುವುದಿಲ್ಲ, ಆದರೆ ಅದರ ಮೇಲಿನ ದೋಸೆ ಸೀದು ಹೋಗುತ್ತದೆ. ಆ ಹೋಂಸ್ಟೇಯಲ್ಲಿ ಟೈಲ್ಸ್ ಕಾವಲಿ, ಪ್ಲೈವುಡ್ ದೋಸೆ. ತಾನು ಸುಡದಿರುವುದು ಬೇರೆ, ಶಾಖವನ್ನು ಹಿಂದಕ್ಕೆ ಬಿಡದಿರುವುದು ಬೇರೆ. ಟೈಲ್ಸ್, ಗ್ರಾನೈಟ್, ತಗಡು, ಸಿಮೆಂಟ್ ಬೋರ್ಡ್ ಯಾವುದೂ ಸುಡುವುದಿಲ್ಲ. ಆದರೆ ಗೋಡೆಗೆ ಒತ್ತಿ ಅಂಟಿಸಿದರೆ ಎಲ್ಲವೂ ಶಾಖವನ್ನು ಹಿಂದಕ್ಕೆ ದಾಟಿಸುತ್ತವೆ. ಅಂಗಡಿಯವರ ಹೀಟ್‌ಪ್ರೂಫ್ ಪೇಂಟಿನ ಕಥೆಯೂ ಇದೇ. ಸಿಲಿಕೋನ್ ಬೆರೆತ ಆ ಬಣ್ಣ ಕೆಲವು ನೂರು ಡಿಗ್ರಿ ತಡೆದುಕೊಳ್ಳುವುದು ನಿಜ. ಅದು ಇರುವುದು ಒಲೆಯ ಮೈಗೆ, ಹೊಗೆ ಕೊಳವೆಗೆ, ಸೈಲೆನ್ಸರಿಗೆ. ಪ್ಲೈವುಡ್‌ಗೆ ಬಳಿದರೆ ಬಣ್ಣ ಹಾಗೇ ಉಳಿಯುತ್ತದೆ, ಪ್ಲೈವುಡ್ ಉಳಿಯುವುದಿಲ್ಲ. ಬೆಂಕಿ ತಾಗಿದಾಗ ಉಬ್ಬಿ ನೊರೆಯಾಗುವ ಇನ್ನೊಂದು ಬಣ್ಣ ಬರುತ್ತದೆ. ಅದು ಅನಾಹುತ ಆದಾಗ ಒಂದು ಸಲಕ್ಕೆ ಕೆಲಸ ಮಾಡುವಂಥದ್ದು, ದಿನನಿತ್ಯದ ಶಾಖಕ್ಕಲ್ಲ.

ಹಾಗಾದರೆ ತಡೆಯುವುದು ಯಾವುದು? ದೂರ ಮತ್ತು ಗಾಳಿ. ಈ ಎರಡೇ.

ಇಂಥ ಒಲೆಗಳು ಚಳಿ ದೇಶಗಳಲ್ಲಿ ಮನೆ ಮನೆಯಲ್ಲೂ ಇರುವುದರಿಂದ ಅಲ್ಲಿನ ಅಳತೆಗಳನ್ನೇ ನಾನು ಇಟ್ಟುಕೊಂಡು ಕೆಲಸ ಮಾಡುತ್ತೇನೆ. ಅಮೆರಿಕದ ಎನ್‌ಎಫ್‌ಪಿಎ 211 ಅನ್ನುವ ನಿಯಮದ ಪ್ರಕಾರ, ಲ್ಯಾಬಿನಲ್ಲಿ ಸುರಕ್ಷತೆಯ ಪರೀಕ್ಷೆ ಆಗದ ಒಲೆಯಾದರೆ ಅದಕ್ಕೂ ಸುಡುವಂಥ ಗೋಡೆಗೂ ನಡುವೆ 36 ಇಂಚು ಇರಬೇಕು. ಅಂದರೆ ಮೂರಡಿ. ಪರೀಕ್ಷೆ ಆದ ಒಲೆಯಾದರೆ ಅದರ ಹಿಂಬದಿಯ ಲೋಹದ ಪಟ್ಟಿಯಲ್ಲಿ ಅಥವಾ ಜೊತೆಗೆ ಬಂದ ಪುಸ್ತಕದಲ್ಲಿ ಹಿಂದೆ ಎಷ್ಟು, ಪಕ್ಕಕ್ಕೆ ಎಷ್ಟು ಅಂತ ಬರೆದಿರುತ್ತದೆ. ಆಗ ಆ ಲೆಕ್ಕವೇ ಅಂತಿಮ. ನಿಮ್ಮ ಒಲೆ ತಿರುಗಿಸಿ ಮೊದಲು ಆ ಪಟ್ಟಿ ಇದೆಯಾ ನೋಡಿ. ಸ್ಥಳೀಯ ಗ್ಯಾರೇಜಿನಲ್ಲೋ ಫ್ಯಾಬ್ರಿಕೇಷನ್ ಅಂಗಡಿಯಲ್ಲೋ ಮಾಡಿಸಿದ ಒಲೆಯಾದರೆ ಪಟ್ಟಿ ಇರುವುದಿಲ್ಲ, ಮೂರಡಿ ಅಂತಲೇ ಹಿಡಿಯಿರಿ.

ಮೂರಡಿ ಬಿಟ್ಟರೆ ಒಲೆ ಹಾಲ್‌ನ ಮಧ್ಯಕ್ಕೆ ಬರುತ್ತಲ್ಲಾ ಅನ್ನುತ್ತೀರಿ. ಎಲ್ಲರೂ ಅದನ್ನೇ ಕೇಳುತ್ತಾರೆ. ಅದಕ್ಕೂ ಅದೇ ನಿಯಮದಲ್ಲಿ ದಾರಿ ಇದೆ, ಮತ್ತು ಅದರಲ್ಲೊಂದು ತಮಾಷೆ ಇದೆ. ಮರದ ಗೋಡೆಗೆ ತಾಗಿಸಿ ಮೂರೂವರೆ ಇಂಚು ದಪ್ಪದ ಇಟ್ಟಿಗೆ ಗೋಡೆ ಕಟ್ಟಿದರೆ 36 ಇಂಚು 24ಕ್ಕೆ ಇಳಿಯುತ್ತದೆ. ಅದೇ 24 ಗೇಜಿನ, ಅಂದರೆ ಸುಮಾರು ಅರ್ಧ ಮಿಲಿಮೀಟರಿಗೆ ಸ್ವಲ್ಪ ಜಾಸ್ತಿ ದಪ್ಪದ ತಗಡನ್ನು ಗೋಡೆಯಿಂದ ಒಂದಿಂಚು ಮುಂದಕ್ಕೆ ನಿಲ್ಲಿಸಿದರೆ ಆ 36 ಇಂಚು 12ಕ್ಕೇ ಇಳಿಯುತ್ತದೆ. ಇಟ್ಟಿಗೆಗಿಂತ ತಗಡು ಮೇಲು! ಮೇಸ್ತ್ರಿಗಳಿಗೆ ಇದನ್ನು ಹೇಳಿದರೆ ನಗುತ್ತಾರೆ. ಆದರೆ ಕೆಲಸ ಮಾಡುವುದು ತಗಡಲ್ಲ, ಅದರ ಹಿಂದಿನ ಒಂದಿಂಚು ಗಾಳಿ. ತಗಡು ಬಿಸಿಯಾದ ಕೂಡಲೇ ಹಿಂದಿನ ಗಾಳಿಯೂ ಬಿಸಿಯಾಗಿ ಮೇಲಕ್ಕೆ ಹೋಗುತ್ತದೆ. ಕೆಳಗಿಂದ ತಣ್ಣನೆ ಗಾಳಿ ಒಳಗೆ ಬರುತ್ತದೆ. ಒಲೆ ಉರಿಯುವಷ್ಟು ಹೊತ್ತೂ ಗೋಡೆಗೆ ಯಾರೋ ಬೀಸಣಿಗೆ ಬೀಸುತ್ತಿರುವ ಹಾಗೆ. ಇಟ್ಟಿಗೆಯಾದರೋ ಶಾಖವನ್ನು ಹೀರಿಕೊಂಡು, ನಿಧಾನಕ್ಕೆ ಹಿಂದಿನ ಮರಕ್ಕೆ ಕೊಡುತ್ತಲೇ ಇರುತ್ತದೆ.

ಈ ಗಾಳಿ ಓಡಾಡಬೇಕಾದರೆ ತಗಡಿನ ಕೆಳಗೂ ಮೇಲೂ ಒಂದೊಂದು ಇಂಚು ತೆರೆದಿರಬೇಕು. ನಮ್ಮಲ್ಲಿ ಎಡವುವುದು ಇಲ್ಲೇ. ಬಡಗಿ ಬಂದು, ಸಂದು ಕಾಣುತ್ತೆ, ಜಿರಳೆ ಸೇರುತ್ತೆ ಅಂತ ಮೇಲೊಂದು ಬೀಡಿಂಗು, ಕೆಳಗೊಂದು ಸ್ಕರ್ಟಿಂಗು ಹೊಡೆದು ಅಚ್ಚುಕಟ್ಟು ಮಾಡಿ ಹೋಗುತ್ತಾನೆ. ಅಲ್ಲಿಗೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಜಿರಳೆ ಭಯ ಇದ್ದರೆ ಕಬ್ಬಿಣದ ಜಾಲರಿ ಹಾಕಿಸಿ, ಆಗಾಗ ಧೂಳು ಹೊಡೆಯಿರಿ. ತಗಡನ್ನು ಹಿಡಿದಿಡುವ ತುಂಡುಗಳು ಮರದ್ದಾಗಬಾರದು. ಕಬ್ಬಿಣದ ಪೈಪಿನ ಒಂದಿಂಚಿನ ತುಂಡುಗಳು ಸಾಕು, ಸ್ಕ್ರೂ ಅದರೊಳಗಿಂದ ಹಾಯಲಿ. ಒಲೆಯ ನೇರ ಹಿಂದೆ ಸ್ಕ್ರೂ ಬರದ ಹಾಗೆ ನೋಡಿಕೊಳ್ಳಿ, ಯಾಕೆಂದರೆ ಸ್ಕ್ರೂ ಕೂಡ ಶಾಖವನ್ನು ಒಳಕ್ಕೆ ಒಯ್ಯುತ್ತದೆ. ತಗಡಿನ ಅಗಲ ಒಲೆಗಿಂತ ಎರಡೂ ಕಡೆ ಜಾಸ್ತಿ ಇರಲಿ, ಎತ್ತರ ಒಲೆಯ ತಲೆಗಿಂತ ಒಂದೂವರೆ ಎರಡು ಅಡಿ ಮೇಲೆ ಹೋಗಲಿ. ಇನ್ನೊಂದು ಮಾತು: 12 ಇಂಚನ್ನು ಅಳೆಯಬೇಕಾದದ್ದು ಒಲೆಯಿಂದ ಪ್ಲೈವುಡ್‌ಗೆ. ತಗಡಿಗಲ್ಲ.

ಬರೀ ತಗಡು ನೋಡಲು ಚೆನ್ನಾಗಿರಲ್ಲ ಅಲ್ವಾ? ತಗಡಿನ ಬದಲು 12 ಮಿಲಿಮೀಟರ್ ಫೈಬರ್ ಸಿಮೆಂಟ್ ಬೋರ್ಡನ್ನೋ ಕ್ಯಾಲ್ಸಿಯಂ ಸಿಲಿಕೇಟ್ ಬೋರ್ಡನ್ನೋ ಜಿಐ ಚಾನೆಲ್ ಮೇಲೆ, ಅದೇ ಸಂದು ಬಿಟ್ಟು ನಿಲ್ಲಿಸಿ, ಮೇಲೆ ಟೈಲ್ಸ್ ಹಾಕಬಹುದು. ಆದರೆ ಅದಕ್ಕೆ 12 ಇಂಚಿನ ಲೆಕ್ಕ ಹಿಡಿಯಬೇಡಿ, ಅದು ತಗಡಿಗೆ ಹೇಳಿದ ಅಳತೆ. 18 ಇಂಚಿಗಿಂತ ಹತ್ತಿರ ಬೇಡ ಅನ್ನುತ್ತೇನೆ. ಬೋರ್ಡ್ ಕೊಳ್ಳುವಾಗ ಹೆಸರು ಓದಿ. ಸಿಮೆಂಟ್ ಪಾರ್ಟಿಕಲ್ ಬೋರ್ಡ್ ಅಂತ ಕೊಡುವುದರಲ್ಲಿ ಮರದ ಚೂರು ಸೇರಿರುತ್ತದೆ.

ಇಷ್ಟೆಲ್ಲ ಹೇಳಿದೆ, ಆದರೆ ನನ್ನನ್ನು ಕೇಳಿದರೆ ಆ ಮೂಲೆಯಲ್ಲಿ ಪ್ಲೈವುಡ್ಡನ್ನೇ ತೆಗೆಸಿಬಿಡಿ. ಹೇಗೂ ರಿಪೇರಿ ನಡೆಯುತ್ತಿದೆ. ಒಲೆಯ ಪಕ್ಕದ ನಾಲ್ಕೈದು ಅಡಿ ಉದ್ದಕ್ಕೆ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಎಬ್ಬಿಸಿ. ಕೆಳಗೆ ತಳಪಾಯ ಏನಿದೆ ಅಂತ ಮಾತ್ರ ನೋಡಿಕೊಳ್ಳಿ. ಹಿಂದೆ ಮರ ಇಲ್ಲದ ಇಟ್ಟಿಗೆ ಗೋಡೆಗೂ, ಮರಕ್ಕೆ ತಾಗಿದ ಇಟ್ಟಿಗೆ ಗೋಡೆಗೂ ಅಜಗಜಾಂತರ. ಹಿಂದೆ ಏನೂ ಸುಡುವಂಥದ್ದು ಇಲ್ಲದಿದ್ದರೆ ಆಮೇಲಿನ ಮಾತೆಲ್ಲ ಬರೀ ಅಂದ, ಬಾಳಿಕೆ, ಖರ್ಚಿನ ಮಾತು. ರಾತ್ರಿ ಕೆಂಡ ಬಿಟ್ಟು ಮಲಗಿದರೂ ನಿದ್ದೆ ಬರುತ್ತದೆ.

ಈಗ ಇಟ್ಟಿಗೆ ಗೋಡೆಗೆ ಬರೋಣ. ಮೊದಲ ಕೆಲಸ, ಒಲೆಯ ಹಿಂದಿನ ಭಾಗದಲ್ಲಿ ಪುಟ್ಟಿ ಮತ್ತು ಎಮಲ್ಷನ್ ಪೂರ್ತಿ ಕೆರೆಸುವುದು. ಎಮಲ್ಷನ್ ಅಂದರೆ ಮೂಲತಃ ತೆಳುವಾದ ಪ್ಲಾಸ್ಟಿಕ್ ಪದರ. ಶಾಖಕ್ಕೆ ಮೆತ್ತಗಾಗುತ್ತದೆ, ಹಳದಿ ತಿರುಗುತ್ತದೆ. ಅದಕ್ಕಿಂತ ಹೆಚ್ಚು ಕಾಟ ಕೊಡುವುದು ನಿಮ್ಮ ಕಡೆಯ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆ ನೀರು ಕುಡಿದು ಕೂತಿರುತ್ತದೆ. ನೀವು ಒಲೆ ಹಚ್ಚುವುದೂ ಅದೇ ತಿಂಗಳುಗಳಲ್ಲಿ. ಗೋಡೆಯೊಳಗಿನ ತೇವ ಆವಿಯಾಗಿ ಹೊರಗೆ ಬರಲು ನೋಡುತ್ತದೆ. ಪ್ಲಾಸ್ಟಿಕ್ ಪದರ ಬಿಡುವುದಿಲ್ಲ. ಬಣ್ಣ ಹಪ್ಪಳದ ಹಾಗೆ ಉಬ್ಬುವುದು ಅದಕ್ಕೇ. ಉಬ್ಬಿದ್ದನ್ನು ಒಡೆದರೆ ಒಳಗೆ ಬಿಳಿ ಉಪ್ಪಿನ ಪುಡಿ. ಜನ ಬಣ್ಣದ ಕಂಪನಿಯನ್ನು ಬೈಯುತ್ತಾರೆ, ಪಾಪ.

ಆದ್ದರಿಂದ ಮಲೆನಾಡಿನಲ್ಲಿ ಒಲೆಯ ಹಿಂದಿನ ಗೋಡೆಗೆ ಉಸಿರಾಡುವ ಫಿನಿಶ್ ಬೇಕು. ನನ್ನ ಮೊದಲ ಆಯ್ಕೆ ಸುಣ್ಣದ ಗಾರೆ. ಒಂದು ಪಾಲು ಸುಣ್ಣ, ಮೂರು ಪಾಲು ಮರಳು, ಮರಳಿನ ಒಂದು ಪಾಲಿನ ಬದಲು ಇಟ್ಟಿಗೆ ಪುಡಿ ಹಾಕಿದರೆ ಇನ್ನೂ ಒಳ್ಳೆಯದು. ಹಳಬರು ಸುರ್ಕಿ ಅನ್ನುತ್ತಿದ್ದದ್ದು ಇದನ್ನೇ. ಎರಡು ತೆಳು ಪದರದಲ್ಲಿ, ಒಟ್ಟು ಅರ್ಧ ಇಂಚು ಆಸುಪಾಸು. ಗಾರೆಗೆ ಸಣ್ಣ ಎಳೆತಗಳನ್ನು ತಾಳಿಕೊಳ್ಳುವ ಗುಣ ಇದೆ, ತೇವ ಹೊರಹೋಗಲು ಬಿಡುತ್ತದೆ, ಸುಣ್ಣ ಶಾಖಕ್ಕೆ ಹಾಳಾಗಬೇಕೆಂದರೆ 800 ಡಿಗ್ರಿ ಹತ್ತಿರ ಹೋಗಬೇಕು. ನಿಮ್ಮ ಗೋಡೆ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿ ಸಿಗುವುದು ಕಷ್ಟ ಅಂತ ಗೊತ್ತು. ಸಿಗದಿದ್ದರೆ ಸಿಮೆಂಟ್ ಗಾರೆಯೇ ಇರಲಿ, ಆದರೆ ಗಟ್ಟಿ ಬರಲಿ ಅಂತ ಸಿಮೆಂಟ್ ಸುರಿಸಬೇಡಿ. ಒಂದಕ್ಕೆ ಮೂರರ ಗಾರೆ ಒಣಗುವಾಗ ಜಾಸ್ತಿ ಕುಗ್ಗುತ್ತದೆ, ಶಾಖಕ್ಕೆ ಬಲೆಬಲೆ ಬಿರುಕು ಬಿಡುತ್ತದೆ. ಒಂದಕ್ಕೆ ಆರು ಸಾಕು, ಸ್ವಲ್ಪ ಸುಣ್ಣ ಬೆರೆಸಿದರೆ ಇನ್ನೂ ಚೆನ್ನ.

ಮೇಲೆ ಬಣ್ಣಕ್ಕೆ ಸುಣ್ಣವೇ ಸಾಕು. ಬಿಳಿ ಬೇಡ, ಮಸಿ ಕಾಣುತ್ತೆ ಅಂದರೆ ಸುಣ್ಣಕ್ಕೆ ರೆಡ್ ಆಕ್ಸೈಡ್ ಬೆರೆಸಿ. ಅದು ಕಬ್ಬಿಣದ ತುಕ್ಕಿನ ಜಾತಿ, ಶಾಖಕ್ಕೆ ಬಣ್ಣ ಬಿಡುವುದಿಲ್ಲ. ಹಳದಿ ಆಕ್ಸೈಡ್ ಮಾತ್ರ ತುಂಬಾ ಬಿಸಿಯಾಗುವ ಕಡೆ ಬೇಡ. ಅದರೊಳಗೆ ನೀರಿನ ಅಂಶ ಕೂಡಿರುತ್ತದೆ, ಇನ್ನೂರು ಮುನ್ನೂರು ಡಿಗ್ರಿಗೆ ಅದು ಹಾರಿಹೋಗಿ ಹಳದಿ ಕೆಂಪಾಗುತ್ತದೆ. ಗೋಡೆಯಲ್ಲಿ ಅಷ್ಟು ಶಾಖ ಬರಲ್ಲ, ಒಲೆಯ ಬಾಯಿ ಸುತ್ತ ಬಳಿದರೆ ಬರುತ್ತದೆ.

ಮೇಸ್ತ್ರಿ ಹೇಳಿದ ಟೈಲ್ಸ್ ಬಗ್ಗೆ. ಟೈಲ್ಸ್ ಸಾವಿರ ಡಿಗ್ರಿ ದಾಟಿದ ಭಟ್ಟಿಯಲ್ಲಿ ಬೆಂದು ಬಂದದ್ದು. ನಿಮ್ಮ ಒಲೆಗೆ ಅದು ಹೆದರುವುದಿಲ್ಲ. ಸೋಲುವುದು ಅದರ ಹಿಂದಿನ ಅಂಟು. ನಾಲ್ಕಡಿ ಉದ್ದದ ವಿಟ್ರಿಫೈಡ್ ಟೈಲ್ಸ್ ತೆಗೆದುಕೊಳ್ಳಿ. ಅದು 60 ಡಿಗ್ರಿ ಜಾಸ್ತಿ ಬಿಸಿಯಾದರೆ ಸುಮಾರು ಅರ್ಧ ಮಿಲಿಮೀಟರ್ ಉದ್ದ ಆಗುತ್ತದೆ. ಹಿಂದಿನ ಸಿಮೆಂಟ್ ಗಾರೆ ಅಷ್ಟೇ ಬಿಸಿಯಾದರೆ ಮುಕ್ಕಾಲು ಮಿಲಿಮೀಟರ್ ಆಗುತ್ತದೆ. ದಿನಾ ಹಚ್ಚುವಾಗ ಒಂದು ಸಲ, ಆರುವಾಗ ಒಂದು ಸಲ ಈ ಎಳೆದಾಟ. ಅದರ ಮೇಲೆ ನಮ್ಮವರು ಟೈಲ್ಸ್ ಬೆನ್ನಿಗೆ ನಾಲ್ಕು ಮೂಲೆಗೊಂದು, ನಡುವೆ ಒಂದು ಸಿಮೆಂಟ್ ಉಂಡೆ ಇಟ್ಟು ಒತ್ತುತ್ತಾರೆ. ಬೆರಳಲ್ಲಿ ಬಡಿದರೆ ಟೊಳ್ಳು ಸದ್ದು. ಉಂಡೆಗಳ ಮೇಲೆ ನಿಂತ ಟೈಲ್ಸ್ ಎಷ್ಟು ದಿನ ತಡೆದೀತು?

ಟೈಲ್ಸ್‌ನದೇ ಆಸೆ ಇದ್ದರೆ ಹಾಕಿಸಿ, ಬೇಡ ಅನ್ನಲ್ಲ. ಸಣ್ಣ ಸೈಜ್ ಆರಿಸಿ, ಆರಿಂಚು ಚೌಕದ್ದೋ ಅದಕ್ಕೂ ಚಿಕ್ಕದೋ. ಬೆನ್ನಿಗೆ ಪೂರ್ತಿ ಅಂಟು ಹಿಡಿಯಬೇಕು, ಹಲ್ಲಿನ ಕರಣೆಯಲ್ಲಿ ಎಳೆದು ಕೂರಿಸಲಿ. ಬಗ್ಗುವ ಗುಣದ ಸಿಮೆಂಟ್ ಅಡ್ಹೆಸಿವ್ ಚೀಲದ ಮೇಲೆ ಸಿ2 ಎಸ್1 ಅಂತ ಗುರುತು ಇರುತ್ತದೆ, ಅದನ್ನು ಕೇಳಿ, ಎಷ್ಟು ಡಿಗ್ರಿ ತನಕ ಅನ್ನುವುದನ್ನೂ ಓದಿ. ಸಂದು ಮೂರು ಮಿಲಿಮೀಟರ್ ಬಿಡಲಿ. ತುಂಬುವುದಕ್ಕೆ ಸಿಮೆಂಟ್ ಗ್ರೌಟ್, ಎಪಾಕ್ಸಿ ಬೇಡ. ಎಪಾಕ್ಸಿ ಅಡುಗೆಮನೆಯ ಜಿಡ್ಡಿಗೆ ಒಳ್ಳೆಯದು, ಶಾಖಕ್ಕೆ ಮೆತ್ತಗಾಗುತ್ತದೆ. ಎರಡೂ ಗೋಡೆ ಸೇರುವ ಮೂಲೆಯಲ್ಲಿ ಟೈಲ್ಸ್‌ಗೆ ಟೈಲ್ಸ್ ಮುಟ್ಟಬಾರದು.

ಗ್ರಾನೈಟ್ ವಿಷಯದಲ್ಲಿ ನಿಮ್ಮ ಮನೆಯವರಿಗೆ ಸ್ವಲ್ಪ ಬೇಜಾರಾಗಬಹುದು. ಬೆಂಗಳೂರು ಸುತ್ತಮುತ್ತ ಹಿಂದಿನ ಕಾಲದಿಂದ ಬಂಡೆಯಿಂದ ಚಪ್ಪಡಿ ಎಬ್ಬಿಸುತ್ತಿದ್ದದ್ದು ಹೇಗೆ ಗೊತ್ತಾ? ಬಂಡೆ ಮೇಲೆ ಕಟ್ಟಿಗೆ ಜೋಡಿಸಿ ಬೆಂಕಿ ಹಾಕಿ, ಬೆಂಕಿಯನ್ನು ಮೆಲ್ಲಗೆ ಮುಂದಕ್ಕೆ ಸರಿಸುತ್ತ, ಸುತ್ತಿಗೆಯಲ್ಲಿ ಬಡಿದು ಸದ್ದು ಕೇಳುತ್ತಿದ್ದರು. ಮೇಲಿನ ಪದರ ಕೆಳಗಿನದರಿಂದ ಬಿಟ್ಟುಕೊಂಡರೆ ಸದ್ದು ಬೇರೆಯಾಗುತ್ತದೆ. ಗ್ರಾನೈಟನ್ನು ಸೀಳುವ ಆಯುಧವೇ ಕಟ್ಟಿಗೆ ಬೆಂಕಿ! ಒಂದು ಭಾಗ ಬಿಸಿ, ಪಕ್ಕದ ಭಾಗ ತಣ್ಣಗೆ ಇದ್ದರೆ ಗ್ರಾನೈಟ್‌ಗೆ ತಡೆಯಲ್ಲ. ಅದರೊಳಗಿನ ಬೆಣಚುಕಲ್ಲಿನ ಕಣಗಳು ಬೇರೆ ಖನಿಜಗಳಿಗಿಂತ ಜಾಸ್ತಿ ಹಿಗ್ಗುತ್ತವೆ. ಒಲೆಯಿಂದ ಒಂದೂವರೆ ಎರಡು ಅಡಿ ದೂರದ ಗೋಡೆಯಲ್ಲಿ ಇಷ್ಟು ಕಷ್ಟ ಬರುವುದಿಲ್ಲ, ನಿಜ. ಆದರೂ ಗೋಡೆಯಗಲದ ಒಂದೇ ಚಪ್ಪಡಿ ಹಾಕಿ, ಸುತ್ತ ಬಿಗಿಯಾಗಿ ಸಿಮೆಂಟ್ ತುಂಬಿದರೆ ಒಂದು ದಿನ ಠಣ್ ಅನ್ನುತ್ತದೆ. ನಾನೇ ಶುರುವಿನ ದಿನಗಳಲ್ಲಿ ಹಾಗೆ ಹಾಕಿಸಿ, ಕೈಯಿಂದ ದುಡ್ಡು ಕೊಟ್ಟು ಬದಲಾಯಿಸಿಕೊಟ್ಟಿದ್ದೇನೆ. ಹಾಕಲೇಬೇಕು ಅಂದರೆ ಸಣ್ಣ ಅಳತೆಯ ಕಲ್ಲು, ಸುತ್ತ ಸಂದು. ಬಿಳಿ ಗುಲಾಬಿ ಬಣ್ಣದ್ದಕ್ಕಿಂತ ಚಾಮರಾಜನಗರದ ಕರಿಕಲ್ಲಿನ ಜಾತಿಯದು ವಾಸಿ. ಅಂಗಡಿಯಲ್ಲಿ ಅದನ್ನೂ ಗ್ರಾನೈಟ್ ಅಂತಲೇ ಮಾರುತ್ತಾರೆ, ಆದರೆ ಅದು ಬೇರೆ ಶಿಲೆ, ಬೆಣಚು ಕಡಿಮೆ. ರಾಳ ಸೇರಿಸಿ ಒತ್ತಿ ಮಾಡಿದ ಕೃತಕ ಕ್ವಾರ್ಟ್ಜ್ ಅಂತೂ ಒಲೆ ಪಕ್ಕ ಬೇಡವೇ ಬೇಡ.

ಕಲ್ಲೇ ಬೇಕು ಅನ್ನುವವರಿಗೆ ನಾನು ತೋರಿಸುವುದು ಬಳಪದ ಕಲ್ಲು. ನಿಮ್ಮ ಪಕ್ಕದ ಬೇಲೂರು ಹಳೇಬೀಡಿನ ಶಿಲ್ಪಗಳ ಕಲ್ಲು ಇದೇ ವಂಶದ್ದು. ಮೆತ್ತಗೆ ಕೆತ್ತಬಹುದು, ಆದರೆ ಬೆಂಕಿಗೆ ಗಟ್ಟಿ. ಅಜ್ಜಿಯಂದಿರು ಇದರ ಪಾತ್ರೆಯಲ್ಲೇ ಒಲೆ ಮೇಲೆ ಹುಳಿ ಕುದಿಸುತ್ತಿದ್ದರು ಅಂದ ಮೇಲೆ ಬೇರೆ ಪರೀಕ್ಷೆ ಯಾಕೆ? ಫಿನ್ಲೆಂಡಿನಲ್ಲಿ ಇಡೀ ಒಲೆಯನ್ನೇ ಈ ಕಲ್ಲಿನಲ್ಲಿ ಕಟ್ಟುತ್ತಾರೆ. ಶಾಖವನ್ನು ಹಿಡಿದಿಟ್ಟುಕೊಂಡು ಬೆಂಕಿ ಆರಿದ ಮೇಲೂ ಗಂಟೆಗಟ್ಟಲೆ ಬಿಡುತ್ತದೆ. ಖರ್ಚು ಜಾಸ್ತಿ, ಗೀರು ಬೀಳುತ್ತದೆ. ಒಲೆಯ ನೇರ ಹಿಂದೆ ಎರಡಡಿ ಅಗಲಕ್ಕೆ ಮಾತ್ರ ಹಾಕಿ, ಸುತ್ತ ಗಾರೆ ಬಿಟ್ಟರೆ ನೋಡಲೂ ಚೆನ್ನ.

ಬೇಡವಾದವನ್ನು ಬೇಗ ಹೇಳಿಬಿಡುತ್ತೇನೆ. ಪಿವಿಸಿ ಪ್ಯಾನೆಲ್ ಬೇಡ, ಅದು 75-80 ಡಿಗ್ರಿಗೇ ಜೋತುಬೀಳುತ್ತದೆ, ಸುಟ್ಟರೆ ಆಮ್ಲದ ಹೊಗೆ. ಎಸಿಪಿ ಶೀಟ್ ಹೊರಗೆ ಅಲ್ಯೂಮಿನಿಯಂ ಅಂತ ನಂಬಬೇಡಿ, ಸಾಮಾನ್ಯ ಶೀಟಿನ ಹೊಟ್ಟೆಯಲ್ಲಿ ಇರುವುದು ಪ್ಲಾಸ್ಟಿಕ್. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಕಟ್ಟಡದಲ್ಲಿ ಬೆಂಕಿ ಮೇಲಿನ ಮಹಡಿಗಳಿಗೆ ಹತ್ತಿ 72 ಜನ ಸತ್ತಿದ್ದಕ್ಕೆ ಅಂಥ ಹೊದಿಕೆಯೇ ದೊಡ್ಡ ಕಾರಣ. ಜಿಪ್ಸಂ ಬೋರ್ಡ್, ಪಿಒಪಿ ಬೆಂಕಿ ತಡೆಯುತ್ತೆ ಅನ್ನುತ್ತಾರೆ. ಬೆಂಕಿ ಬಿದ್ದಾಗ ಹೌದು, ಅದರಲ್ಲಿ ತೂಕದ ಐದನೇ ಒಂದು ಭಾಗ ನೀರೇ ಸೇರಿರುತ್ತದೆ. ಆದರೆ ದಿನಾ 52 ಡಿಗ್ರಿ ಮೀರಿ ಕಾದರೆ ಆ ನೀರು ಕಳೆದುಕೊಂಡು ಪುಡಿಯಾಗುತ್ತ ಬರುತ್ತದೆ. ಹಳೇ ಕಲ್ನಾರು ಶೀಟ್ ಅಟ್ಟದಲ್ಲಿ ಬಿದ್ದಿದೆ, ಕತ್ತರಿಸಿ ಹಾಕಿಬಿಡೋಣ ಅಂತ ಯಾರಾದರೂ ಅಂದರೆ ಕತ್ತರಿಸಲು ಬಿಡಬೇಡಿ. ಅದರ ಧೂಳು ಕ್ಯಾನ್ಸರ್ ತರುವಂಥದ್ದು, ಬೆಂಕಿಗೆ ಸಿಡಿಯುತ್ತದೆ ಕೂಡ.

ನೀವು ಕೇಳಲಿಲ್ಲ, ಆದರೂ ಹೆಂಚಿನ ಮನೆ ಅಂದಿರಲ್ಲ, ಅದಕ್ಕೆ ಹೇಳುತ್ತೇನೆ. ಗೋಡೆಗಿಂತ ಅಪಾಯ ಇರುವುದು ಹೊಗೆ ಕೊಳವೆ ಮಾಡು ದಾಟುವ ಕಡೆ. ಒಂಟಿ ತಗಡಿನ ಕೊಳವೆಯಿಂದ ರೀಪು, ಪಕಾಸಿ, ಅಟ್ಟದ ಹಲಗೆ ಎಲ್ಲವೂ 18 ಇಂಚು ದೂರ ಇರಬೇಕು. ಮಾಡಿನ ಬಳಿ ಅಷ್ಟು ಜಾಗ ಸಿಗಲ್ಲ. ಅಲ್ಲಿಂದ ಮೇಲಕ್ಕೆ ಒಳಗೆ ನಿರೋಧಕ ತುಂಬಿದ ಜೋಡಿ ಪದರದ ಕೊಳವೆ ಹಾಕಿಸಿ, ಅದರ ಸುತ್ತಲೂ ಕಂಪನಿ ಹೇಳಿದಷ್ಟು ಜಾಗ, ಸಾಮಾನ್ಯವಾಗಿ ಎರಡಿಂಚು, ಖಾಲಿ ಬಿಡಿ. ಮಳೆನೀರು ಸೋರುತ್ತೆ ಅಂತ ಆ ಸಂದಿಗೆ ಫೋಮ್ ಸ್ಪ್ರೇ ತುಂಬಿಸುವವರಿದ್ದಾರೆ. ಅದು ಚೆನ್ನಾಗಿ ಉರಿಯುವ ಪದಾರ್ಥ! ಮೇಲೆ ತಗಡಿನ ಟೋಪಿ ಮಾಡಿಸಿ ನೀರು ತಡೆಯಿರಿ. ತೋಟದಲ್ಲಿ ಕಡಿದ ಹಸಿ ಸಿಲ್ವರ್ ಓಕ್ ಒಲೆಗೆ ಹಾಕಬೇಡಿ. ಹಸಿ ಕಟ್ಟಿಗೆಯ ಹೊಗೆ, ಕೊಳವೆಯೊಳಗೆ ಟಾರಿನ ಹಾಗೆ ಅಂಟುತ್ತದೆ. ಒಂದು ದಿನ ಆ ಟಾರಿಗೇ ಬೆಂಕಿ ಹತ್ತಿದರೆ ಕೊಳವೆ ಕೆಂಪಗೆ ಕಾಯುತ್ತದೆ, ಆಗ ಮೇಲಿನ ಲೆಕ್ಕ ಯಾವುದೂ ಉಳಿಯಲ್ಲ. ಕಟ್ಟಿಗೆ ಸೀಳಿ ಮಳೆ ತಾಗದ ಕಡೆ ಒಂದು ವರ್ಷ ಒಣಗಲಿ.

ಗಾರೆ ಆದ ಕೂಡಲೇ ದೊಡ್ಡ ಬೆಂಕಿ ಹಾಕಬೇಡಿ. ಸಿಮೆಂಟ್ ಆದರೆ 28 ದಿನ, ಸುಣ್ಣ ಆದರೆ ಇನ್ನೂ ಜಾಸ್ತಿ ಬಿಟ್ಟು, ನಾಲ್ಕೈದು ಸಂಜೆ ಪುರುಳೆ ಹಾಕಿ ಸಣ್ಣ ಉರಿ ಮಾಡಿ. ಆಮೇಲೆ ಒಂದು ದಿನ ಎರಡು ಗಂಟೆ ಜೋರಾಗಿ ಉರಿಸಿ, ಗೋಡೆಗೆ ಅಂಗೈ ಇಟ್ಟು ನೋಡಿ. ನಿಧಾನಕ್ಕೆ ಹತ್ತು ಎಣಿಸುವ ತನಕ ಇಡಲು ಆದರೆ ಯೋಚನೆ ಇಲ್ಲ. ಮೂರಕ್ಕೇ ಕೈ ತೆಗೆಯಬೇಕಾದರೆ ಗೋಡೆ ಸುಮಾರು 60 ಡಿಗ್ರಿ ಮುಟ್ಟಿದೆ ಅಂತ. ಹಿಂದೆ ಇಟ್ಟಿಗೆ ಆದರೆ ಸಹಿಸಬಹುದು. ಮರ ಇದ್ದರೆ ಒಲೆಯನ್ನು ಮುಂದಕ್ಕೆ ಎಳೆಯಿರಿ. ಪಾರ್ಟಿಷನ್ ಉಳಿಸಿಕೊಂಡರೆ ಅದರ ಆಚೆ ಬದಿಗೂ ಹೋಗಿ ಕೈ ಇಟ್ಟು ನೋಡುವುದು ಮರೆಯಬೇಡಿ.

ಇನ್ನು ಬಚ್ಚಲು. ನಿಮ್ಮತ್ತೆ ಹೇಳಿದ್ದು ಸರಿ, ಅರ್ಧದಷ್ಟು. ಹಂಡೆ ಒಲೆ ಗೋಡೆಗೆ ತಾಗಿಯೇ ಇರುತ್ತದೆ, ಒಂದು ಕಡೆ ಉರಿ, ಇನ್ನೊಂದು ಕಡೆ ಹಬೆ ಮತ್ತು ಎರಚುವ ನೀರು. ಅಲ್ಲಿ ಟೈಲ್ಸ್ ಎರಡು ವರ್ಷ ನಿಂತಿದ್ದೇ ಹೆಚ್ಚು. ಮಣ್ಣೂ ಬಿರುಕು ಬಿಡುತ್ತದೆ. ಆದರೆ ಬಿಟ್ಟ ಬಿರುಕಿಗೆ ಮತ್ತೆ ಒಂದು ಮುಷ್ಟಿ ಮೆತ್ತಿ ಸಾರಿಸಿದರೆ ಮುಗಿಯಿತು, ಕಾಲು ಗಂಟೆ ಕೆಲಸ, ಮೇಸ್ತ್ರಿ ಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತ ಶುರು ಮಾಡಿದ ಅಸ್ತ್ರ (ASTRA) ಕೇಂದ್ರದವರು ಹೊಗೆ ಇಲ್ಲದ ಅಸ್ತ್ರ ಒಲೆ ಮಾಡಿಕೊಟ್ಟಾಗಲೂ ಅದರ ಮೈ ಮಣ್ಣಿನದೇ. ಅವರಿಗೆ ಬೇರೆ ಸಾಮಾನು ಗೊತ್ತಿರಲಿಲ್ಲ ಅಂತಲ್ಲ.

ಹೀಗೆ ಮಾಡಿಸಿ. ಗೋಡೆಯನ್ನು ಇಟ್ಟಿಗೆ ಕಾಣುವ ತನಕ ಕೆರೆಸಿ. ಒಲೆಯ ಇಟ್ಟಿಗೆ ಮನೆಯ ಗೋಡೆಗೆ ಹಲ್ಲು ಕಚ್ಚಿ ಕೂತಿದ್ದರೆ ಬಿಡಿಸಿ, ನಡುವೆ ಒಂದಿಂಚು ಸಂದು ಬಿಟ್ಟು ಭತ್ತದ ಹೊಟ್ಟಿನ ಬೂದಿ ತುಂಬಿ. ಅದು ಶಾಖ ಗೋಡೆಗೆ ದಾಟದ ಹಾಗೆ ತಡೆಯುತ್ತದೆ, ಒಲೆ ಹಿಗ್ಗಿದರೆ ಜಾಗವೂ ಕೊಡುತ್ತದೆ. ಉರಿ ನೇರ ತಾಗುವ ಒಳಭಾಗಕ್ಕೆ ಮಾತ್ರ ಫೈರ್ ಬ್ರಿಕ್, ಅದನ್ನು ಸಿಮೆಂಟಿನಲ್ಲಿ ಅಲ್ಲ, ಫೈರ್ ಕ್ಲೇಯಲ್ಲಿ ಕಟ್ಟಿಸಿ. ಒಲೆಯ ಮೈಗೂ ಬಾಯಿಯ ಸುತ್ತ ಎರಡಡಿ ಗೋಡೆಗೂ ಮಣ್ಣು: ಹುತ್ತದ ಮಣ್ಣು ಒಂದು ಪಾಲು, ಮರಳು ಎರಡು ಪಾಲು, ಸಣ್ಣಗೆ ಕತ್ತರಿಸಿದ ಹುಲ್ಲು, ಸ್ವಲ್ಪ ಸಗಣಿ. ಎರಡು ದಿನ ನೆನೆಸಿ ತುಳಿದು ಮೆತ್ತಬೇಕು. ಸ್ನಾನದ ನೀರು ಎರಚುವ ಬದಿಗೆ ಮಣ್ಣು ನಿಲ್ಲುವುದಿಲ್ಲ, ತೊಳೆದುಹೋಗುತ್ತದೆ. ಅಲ್ಲಿ ಸಿಮೆಂಟ್ ಗಾರೆ ಮೇಲೆ ರೆಡ್ ಆಕ್ಸೈಡ್ ತಿಕ್ಕಿಸಿ. ಅತ್ತೆಯವರಿಗೆ ಒಪ್ಪಿಗೆಯಾದರೆ ಹುತ್ತದ ಮಣ್ಣು ಈಗಲೇ ತರಿಸಿ ಒಣಗಿಸಿ ಚೀಲದಲ್ಲಿ ಕಟ್ಟಿಡಿ. ಮಳೆ ಹಿಡಿದ ಮೇಲೆ ನಿಮ್ಮ ಕಡೆ ಒಣ ಮಣ್ಣು ಹುಡುಕಿದರೂ ಸಿಗುವುದಿಲ್ಲ.